ದೊಡ್ಡಬೆಟ್ಟದ ಆಲಿಕಲ್ಲು

ಮಾಮಿ,

ನಿಮ್ಮ ಸೊಸೆ ಬರೆಯುತ್ತಿದ್ದೇನೆ. ಕನ್ನಡಕವನ್ನು ನಿಮ್ಮ ಜೊತೆಗೇ ಇಟ್ಟು ಕಳಿಸಿದ್ದೇವೆ, ಓದಲಾಗಲಿಲ್ಲ ಎಂಬ ನೆಪ ಈ ಸಲ ನಡೆಯುವುದಿಲ್ಲ.

ಊಟಿ ಬಸ್ಸಿನ ಆ ಬೆಳಿಗ್ಗೆ ನೆನಪಿದೆಯೇ? ನಿಮ್ಮ ಮೊಮ್ಮಗ ದಿನಾ ಕೂರುವ ಕಿಟಕಿ ಸೀಟಿನಲ್ಲಿ ಯಾರೋ ಎಲೆಕೋಸಿನ ಮೂಟೆ ಇಟ್ಟಿದ್ದರು. ತುಮ್ಮನಟ್ಟಿಯಿಂದ ಶುರುವಾದ ಅವನ ಕಿರುಚಾಟ ನಿಲ್ಲಲೇ ಇಲ್ಲ, ನಡುವೆ ನನ್ನ ಕೈಯನ್ನೂ ಕಚ್ಚಿದ. ಮುಂದಿನ ಸೀಟಿನ ಹೆಂಗಸು ತಿರುಗಿ, "ರೆಂಡು ಅಡಿ ಪೋಡುಮ್ಮಾ, ಸರಿಯಾಯಿಡುಂ" ಎಂದಳು. ಎರಡು ಏಟು ಬಿದ್ದರೆ ಸರಿಹೋಗುವ ಹಾಗಿದ್ದರೆ ನಾನೇಕೆ ಡಾಕ್ಟರ ಬಾಗಿಲು ಕಾಯುತ್ತಿದ್ದೆ? ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ನೀವು ಮಾತ್ರ, "ಮೊದಲು ನಿನಗ ಹಾಕಲಾ?" ಎಂದಿರಿ. ಊಟಿ ಬರುವವರೆಗೂ ಆಕೆ ಹಿಂದಕ್ಕೆ ನೋಡಲಿಲ್ಲ. ಇಳಿದ ಮೇಲೆ ನಿಮ್ಮನ್ನು ಗದರಿದೆನಲ್ಲ, ಅದು ಬರೀ ಬಾಯಿಮಾತು ಮಾಮಿ. ಒಳಗೊಳಗೇ ನಿಮ್ಮ ಕಾಲಿಗೆ ಬಿದ್ದಿದ್ದೆ.

ಅವನಿಗೆ ಮೊದಲ ಸಲ ಫಿಟ್ಸ್ ಬಂದಾಗ ಬೀಗದ ಕೈ ಗೊಂಚಲನ್ನು ಕೈಗೆ ತುರುಕಿದವರು ನೀವೇ. ಮಗ್ಗುಲಾಗಿ ಮಲಗಿಸಿ, ಬಾಯಿಗೆ ಏನೂ ಹಾಕಬೇಡಿ ಎಂದು ಡಾಕ್ಟರು ಹೇಳಿದ ಮೇಲೆ, ಬೀಗದ ಕೈ ಹಿಡಿದು ಓಡಿಬಂದ ನೆರೆಯವರನ್ನು "ಹೋಗಿ ನಿನ್ನ ಮನೆ ಬಾಗಿಲು ತೆಗಿ" ಎಂದು ಅಟ್ಟಿದವರೂ ನೀವೇ. ಮಗುವಿಗೆ ಭೋಜ ಎಂದು ನಿಮ್ಮ ಯಜಮಾನರ ಹೆಸರಿಟ್ಟೆವು. ಗಂಡನ ಹೆಸರು ಬಾಯಲ್ಲಿ ತರಬಾರದೆಂದು ನೀವು ಅವನನ್ನು ರಾಜ ಎಂದೇ ಕರೆದಿರಿ. ಅಂದಿನಿಂದ ಅವನು ರಾಜನ ಹಾಗೆಯೇ ನಡೆದುಕೊಂಡ, ನಾವೆಲ್ಲ ಪ್ರಜೆಗಳಾದೆವು.

ನಮ್ಮಿಬ್ಬರ ನಿಜವಾದ ಜಗಳ ಮಾತ್ರೆಯದು. ಬೆಳಿಗ್ಗೆ ಒಂದು, ಸಂಜೆ ಒಂದು. ತಪ್ಪಿದರೆ ಫಿಟ್ಸ್ ಬರುವ ಭಯ. ನನ್ನ ಕೈಯಿಂದ ಅವನು ತೆಗೆದುಕೊಂಡವನೇ ಅಲ್ಲ. ನೀವು ಅಂಗೈಯಲ್ಲಿಟ್ಟು, "ಇದು ಮಾತ್ರೆ ಇಲ್ಲೆ ರಾಜ, ದೊಡ್ಡಬೆಟ್ಟ ಮೇಲೆ ಬಿದ್ದ ಆಲಿಕಲ್ಲು. ಕರಗುವ ಮುಂಚೆ ನುಂಗಿಬುಡು" ಎಂದರೆ ಗುಳುಂ. ಮಗುವಿಗೆ ಸುಳ್ಳು ಹೇಳಬಾರದು ಎಂದು ಅವನಿಗೆ ತರಬೇತಿ ಕೊಡುವ ಕೊಯಮತ್ತೂರಿನ ಮೇಡಂ ಹೇಳಿದ್ದಾರೆ ಎಂದು ನಾನು ಕೂಗಾಡಿದೆ. "ಆ ಮೇಡಂ ಬಂದು ನುಂಗಿಸಲಿ" ಎಂದು ನೀವು ಕ್ಯಾರೆಟ್ ಕೀಳಲು ಹೋದಿರಿ.

ಈಗ ನಿಮಗೆ ಗೊತ್ತಿಲ್ಲದ ಸುದ್ದಿ. ನಿಮ್ಮನ್ನು ಕಳಿಸಿಕೊಟ್ಟ ದಿನ ಬೆಳಿಗ್ಗೆ ನಾನು ಸತ್ಯವಂತಳಾಗಿ, "ರಾಜ, ಇದು ಮಾತ್ರೆ, ನುಂಗು" ಎಂದೆ. ಉಗಿದ. ಅದು ಹೋಗಿ ಊರಗೌಡರ ಬಿಳಿ ಮುಂಡಾಸಿನ ಮಡಿಕೆಯಲ್ಲಿ ಕೂತಿತು. ಎರಡನೆಯದನ್ನು ಅವನ ತುಟಿಯವರೆಗೂ ತರಲಾಗಲಿಲ್ಲ. ಜನ, ವಾದ್ಯ, ಅಳು, ರಾತ್ರಿ ನಿದ್ದೆಯೂ ಇಲ್ಲ, ಮೇಲೆ ಮಾತ್ರೆಯೂ ಇಲ್ಲ. ಅವನನ್ನು ಪಕ್ಕದ ಮನೆಯ ಟಿವಿ ಮುಂದೆ ಕೂರಿಸು ಎಂದರು ನೆಂಟರು. ನೀವಿದ್ದಿದ್ದರೆ ಒಪ್ಪುತ್ತಿದ್ದಿರಾ? ಫಿಟ್ಸ್ ಬಂದೀತೆಂಬ ಭಯವಿದ್ದರೂ ಅವನ ಕೈ ಹಿಡಿದು ನಿಮ್ಮ ತಲೆಯ ಬಳಿಯೇ ನಿಂತೆ.

ಗೌಡರು ಕರು ಹರಾಚಲು ನಿಂತರು. ಅದೇ, ಸತ್ತವರು ಮಾಡಿರಲಿ ಬಿಡಲಿ, ಲೋಕದ ಪಾಪಗಳನ್ನೆಲ್ಲ ಹೆಸರು ಹಿಡಿದು ಹೇಳಿ, ಅವರನ್ನು ಹಗುರ ಮಾಡಿ ಕಳಿಸುವ ನಮ್ಮ ಪದ್ಧತಿ. ಆದರೆ ಇಲ್ಲದ್ದನ್ನು ಹೇಳಿದರೆ ನಿಮ್ಮ ಮೊಮ್ಮಗ ಸುಮ್ಮನಿರುತ್ತಾನೆಯೇ?

"ಹಲ್ಲಿಯ ಕೊಂದದು," ಎಂದರು ಗೌಡರು. "ಅದು ಪಾಪ!" ಎಂದಿತು ಊರು.

"ಕೊಂದಿಲ್ಲೆ! ಬೆಕ್ಕು ಕೊಂದದು!"

ಯಾರೋ ಕೆಮ್ಮಿದರು. ಗೌಡರು ಮುಂದುವರಿಸಿದರು. "ಗಡಿಕಲ್ಲು ಸರಿಸಿದದು."

"ಚೂರೇ ಚೂರು!" ಎಂದ ರಾಜ. ಪಕ್ಕದ ತೋಟದವರು ತಲೆಯೆತ್ತಿ ನಿಮ್ಮನ್ನೇ ನೋಡಿದರು. ಮಾಮಿ, ಆ ವಿಷಯ ನಾವು ಮೇಲೆ ಬಂದಾಗ ಮಾತಾಡೋಣ.

"ಸುಳ್ಳು ಹೇಳಿದದು."

"ಹೌದು! ಹೆತ್ತೆ ದಿನಾ ಸುಳ್ಳು ಹೇಳಿತು! ಮಾತ್ರೆಯ ಆಲಿಕಲ್ಲು ಎಂದು ಹೇಳಿತು!" ಎಂದು ತನ್ನ ಅಜ್ಜಿಯ ಮೇಲೆಯೇ ಸಾಕ್ಷಿ ನುಡಿದ.

ಮಂಚದ ಸುತ್ತ ಅಳುತ್ತಿದ್ದ ಹೆಂಗಸರು ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕರು. ಗೌಡರೂ ನಕ್ಕರು, ಮುಂಡಾಸಿನಿಂದ ಮಾತ್ರೆ ಉದುರಿತು. ನಾನೊಬ್ಬಳು ನಗಲಿಲ್ಲ. ಅವನಿಗೆ ಗೊತ್ತಿತ್ತು ಮಾಮಿ! ಮೊದಲಿನಿಂದಲೂ ಗೊತ್ತಿತ್ತು. ನೀವು ಅವನನ್ನು ಯಾಮಾರಿಸುತ್ತಿದ್ದೀರಿ ಎಂದು ನಾನು, ಯಾಮಾರಿದ ಎಂದು ನೀವು... ಅವನು ಮಾತ್ರ ಎಲ್ಲ ತಿಳಿದೂ ನಿಮ್ಮ ಮಾತಿಗಾಗಿ ನುಂಗುತ್ತಿದ್ದ.

ಅವನನ್ನು ಮನೆಯ ಹಿಂದಕ್ಕೆ ಕರೆದುಕೊಂಡು ಹೋಗಿ, ಇನ್ನೊಂದು ಮಾತ್ರೆಯನ್ನು ಅಂಗೈಯಲ್ಲಿಟ್ಟು ಮಂಡಿಯೂರಿದೆ.

"ಅವ್ವೆ, ಸುಳ್ಳು ಹೇಳು," ಎಂದ.

"ಇದು ಮಾತ್ರೆ ಇಲ್ಲೆ ರಾಜ, ಆಲಿಕಲ್ಲು..."

"ದೊಡ್ಡಬೆಟ್ಟ ಬಿಟ್ಟೆ!"

ಮತ್ತೆ ಮೊದಲಿನಿಂದ ಹೇಳಿಸಿದ. ನುಂಗಿದ, ನಾಲಿಗೆ ಚಾಚಿ ತೋರಿಸಿದ. ಆಮೇಲೆ ನಾನು ಅತ್ತಿದ್ದು ನಿಮಗಾಗಿ ಎಂದೇ ಎಲ್ಲರೂ ತಿಳಿದರು. ಅರ್ಧ ನಿಜ.

ಆ ದಿನ ಫಿಟ್ಸ್ ಬರಲಿಲ್ಲ. ಆಮೇಲೆ ಒಮ್ಮೆ ಕ್ಯಾರೆಟ್ ತೊಳೆಯುವ ತೊಟ್ಟಿಯ ಹತ್ತಿರ ಬಂತು. ಮಗ್ಗುಲಾಗಿ ಮಲಗಿಸಿದೆ, ಬೀಗದ ಕೈ ತಂದವರಿಗೆ ನಿಮ್ಮದೇ ಮಾತು ಹೇಳಿ ಅಟ್ಟಿದೆ. ನನ್ನ ದನಿ ನಿಮ್ಮದರಂತೆಯೇ ಕೇಳಿಸಿತಂತೆ. ಬೈಗುಳವೋ ಹೊಗಳಿಕೆಯೋ ತಿಳಿಯದು. ಕಿಟಕಿ ಸೀಟಿನ ಯುದ್ಧ ಇನ್ನೂ ಮುಗಿದಿಲ್ಲ. ಕೊಯಮತ್ತೂರಿನ ಮೇಡಂಗೆ ಆಲಿಕಲ್ಲಿನ ವಿಷಯ ಹೇಳಿದೆ. ಅವರೂ "ಹಾಗೇ ಹೇಳಿ" ಎಂದರು.

ಹೇಳುತ್ತೇನೆ ಮಾಮಿ. ಬೆಳಿಗ್ಗೆಯೂ ಸಂಜೆಯೂ, ದೊಡ್ಡಬೆಟ್ಟ ಬಿಡದೆ, ಒಂದು ಹೊತ್ತೂ ತಪ್ಪಿಸದೆ ಆ ಸುಳ್ಳು ಹೇಳುತ್ತೇನೆ. ನನ್ನ ಸರದಿ ಬಂದು, ಗೌಡರು ನನ್ನ ಮಂಚದ ಬಳಿ ನಿಂತು "ಸುಳ್ಳು ಹೇಳಿದದು" ಎಂದಾಗ, ನೆರೆದವರ ನಡುವಿನಿಂದ ಒಬ್ಬ ಗಡ್ಡ ಬಂದ ಗಂಡಸು ಗಟ್ಟಿಯಾಗಿ "ಹೌದು!" ಎನ್ನಬೇಕು. ನನಗೆ ಅಷ್ಟು ಸಾಕು.

ನಿಮ್ಮ ಸೊಸೆ