ಐದಕ್ಕೆ ನಾಲ್ಕೂಮುಕ್ಕಾಲು

ಬ್ಯೊನ್ ಅಣ್ಣಾ,

ನಿಮ್ಮ ಸಂಖ್ಯಾಶಾಸ್ತ್ರದ ತರಗತಿ ನನ್ನ ಕೈಗೆ ಬಂದು ಎರಡು ವರ್ಷವಾಯಿತು. ಇವತ್ತು ಜೊಂಜು ಬಸ್ ನಿಲ್ದಾಣದಲ್ಲಿ ಒಬ್ಬ ಹುಡುಗಿ ತಲೆಬಾಗಿ ನಮಸ್ಕರಿಸಿ ಪಕ್ಕದಲ್ಲಿ ಕೂತಳು. ನಮ್ಮ ದಾ-ಉನ್. ಸಂಖ್ಯಾಶಾಸ್ತ್ರದ ಮೊದಲ ಭಾಗ ನಿಮ್ಮ ಹತ್ತಿರ, ಎರಡನೆಯದು ನನ್ನ ಹತ್ತಿರ ಕಲಿತವಳು.

"ಸರ್, ಆನ್‌ಲೈನ್ ಮೌಲ್ಯಮಾಪನದಲ್ಲಿ ನಿಮಗೆ ಎಲ್ಲದಕ್ಕೂ ಐದೈದು ಒತ್ತಿದ್ದೆ. ನಮ್ಮ ಅಂಕ ಕಾಣಬೇಕಾದ್ರೆ ಮೊದಲು ಮೇಷ್ಟ್ರಿಗೆ ಅಂಕ ಹಾಕ್ಲೇಬೇಕಲ್ಲ. ಪ್ರಶ್ನೆನೂ ಓದಿರಲಿಲ್ಲ."

"ಬ್ಯೊನ್ ಮೇಷ್ಟ್ರಿಗೆ?"

"ಒಂದೊಂದು. ವಾರವಾರ ಲೆಕ್ಕ ಕೊಟ್ಟು, ತಪ್ಪಾದ್ರೆ ಮತ್ತೆ ಮಾಡಿಸ್ತಿದ್ರು. ಮೈಯೆಲ್ಲಾ ಉರಿಯೋದು. ಈಗ ಎಂ.ಎ.ಲಿ ಬಚಾವಾಗಿರೋದು ಆ ಲೆಕ್ಕಗಳಿಂದಾನೇ." ಬಸ್ಸು ಬಂದಾಗ ಎದ್ದಳು. "ಅವರೀಗ ಎಲ್ಲಿದ್ದಾರೆ ಸರ್?"

ಗೊತ್ತಿಲ್ಲ ಎಂದೆ. ನಿಮ್ಮ ವಿಳಾಸ ನನ್ನ ಹತ್ತಿರ ಇದೆ.

ಹುಡುಗರು ನಿಮಗೆ ಹಾಕಿದ ಅಂಕ ಮೂರಕ್ಕಿಂತ ಕೆಳಗಿಳಿದ ವರ್ಷ ವಿಭಾಗದ ಮುಖ್ಯಸ್ಥರು ನನ್ನನ್ನು ಕರೆಸಿದ್ದರು. "ಬ್ಯೊನ್ ಪಾಠ ನಿಜಕ್ಕೂ ಇಷ್ಟು ಕೆಟ್ಟದಾಗಿರುತ್ತೇನಯ್ಯಾ? ನೀನು ಕೂತು ಕೇಳಿದ್ದೀಯಲ್ಲ" ಎಂದು ಕೇಳಿದರು. ಬಾರ್ಲಿ ಚಹಾ ಸುಡುತ್ತಿತ್ತು. ನಾನು ಊದಿ ಊದಿ ಕುಡಿಯುತ್ತಾ ಕೂತೆ. ಮುಂದಿನ ಸೆಮಿಸ್ಟರಿನ ಪಟ್ಟಿಯಲ್ಲಿ ನಿಮ್ಮ ತರಗತಿಯ ಎದುರು ನನ್ನ ಹೆಸರಿತ್ತು.

ಈ ಸಲ ನನಗೆ ಬಂದದ್ದು ಐದಕ್ಕೆ ನಾಲ್ಕೂಮುಕ್ಕಾಲು. ಬರುವ ಸೆಮಿಸ್ಟರಿಗೂ ತರಗತಿ ಖಾತ್ರಿ ಎಂದು ಮುಖ್ಯಸ್ಥರು ಬೆನ್ನು ತಟ್ಟಿದರು.

ನೀವು ಬಿಟ್ಟುಹೋದ ಲೆಕ್ಕಗಳ ಕಡತ ನನ್ನ ಚೀಲದಲ್ಲೇ ಇದೆ. ಒಮ್ಮೆ, ಮೊದಲ ವಾರದ ಲೆಕ್ಕವನ್ನು ಹಂಚಿಯೂ ನೋಡಿದೆ. ಹುಡುಗರ ಮುಖ ಬಾಡಿತು. ಎರಡನೇ ವಾರ ಹಂಚಲಿಲ್ಲ.