ಬೀಗರ ಹೆಸರಿನ ಮೊದಲು

20 ಜನವರಿ 2025, ಬೆಳಿಗ್ಗೆ 7

ಬಿಪಿ ಮಾತ್ರೆ ಆಯಿತು. ಹಾಲು ಕಾಯಿಸಿದ್ದಾಯಿತು. ಮೊಮ್ಮಗಳು ಪುಟ್ಟಿಯ ಒಂದು ಕಾಲಿನ ಸಾಕ್ಸ್ ಇವತ್ತೂ ಕಾಣೆ. ಸೊಸೆ ಬೀರು ತಡಕಾಡಿ, ಸಾಕ್ಸ್ ಬದಲು ಪಾಸ್‌ಪೋರ್ಟ್ ಹಿಡಿದುಕೊಂಡು ಬಂದಳು.

"ಅತ್ತೆ, ಇದು ಜೂನ್ ಮೂವತ್ತಕ್ಕೆ ಮುಗೀತೈತೆ."

ಶ್ರೀಲಂಕಾದ್ದು. ಹತ್ತು ವರ್ಷದ ಹಿಂದೆ ಮಸ್ಕತ್‌ಗೆ ಕೆಲಸಕ್ಕೆ ಹೋಗುವಾಗ ಮಾಡಿಸಿದ್ದಂತೆ. ಅಲ್ಲೇ ನನ್ನ ಮಗ ಪ್ರಸನ್ನ ಸಿಕ್ಕಿದ್ದು. ಆಮೇಲೆ ಮದುವೆ, ಈ ಹೊನ್ನಾಳಿ. ಹೊಸದು ಮಾಡಿಸಲು ಚೆನ್ನೈಯಲ್ಲಿರುವ ಅವರ ದೇಶದ ಆಫೀಸಿಗೆ ಹೋಗಬೇಕು. ಪ್ರಸನ್ನನಿಗೆ ಹೇಳಿದೆ. "ನೋಡೋಣಮ್ಮ" ಅಂದ. ಫ್ರಿಜ್ ರಿಪೇರಿ ಅಂಗಡಿಯಲ್ಲಿ ಗಿರಾಕಿಗಳಿಗೂ ಇದೇ ಮಂತ್ರ. ಇವನ 'ನೋಡೋಣ' ನಂಬಿ ಕೂತರೆ ಕೆಲಸ ಕೆಟ್ಟಂತೆ.

ಮೇ 17ಕ್ಕೆ ಅವಳ ಅಪ್ಪ ತೀರಿಕೊಂಡು ವರ್ಷ. ಅಂದು ಭಿಕ್ಷುಗಳನ್ನು ಮನೆಗೆ ಕರೆದು ಊಟ ಬಡಿಸುತ್ತಾರಂತೆ. ಸತ್ತಾಗಲೂ ಹೋಗಲಾಗಲಿಲ್ಲ. ಇದಕ್ಕಾದರೂ ಹೋಗಲೇಬೇಕು. ಅವಧಿ ಆರು ತಿಂಗಳಾದರೂ ಉಳಿದಿರದ ಪಾಸ್‌ಪೋರ್ಟಿಗೆ ವಾಪಸ್ ಬರುವ ವೀಸಾ ಕೊಡುವುದಿಲ್ಲವಂತೆ, ಹೊಸದು ಮೊದಲು ಆಗಬೇಕು. ಕಳಿಸಿಯೇ ಕಳಿಸುತ್ತೇನೆ.

27 ಜನವರಿ

ಚೆನ್ನೈಗೆ ಬೇಕಾದ ಕಾಗದ ಜೋಡಿಸುತ್ತಿದ್ದೆ. ಮದುವೆ ಸರ್ಟಿಫಿಕೇಟ್ ತೆಗೆದೆ. ಪಾಸ್‌ಪೋರ್ಟಿನ ಹೆಸರಿಗೂ ಇದಕ್ಕೂ ತಾಳೆಯೇ ಇಲ್ಲ, ಹೀಗೇ ಕೊಟ್ಟರೆ ಅರ್ಜಿ ವಾಪಸ್.

ವಧು: ಚೈತ್ರಶ್ರೀ. ತಂದೆ: ದಿ|| ಸೋಮಪಾಲ.

ಆಗ ರಿಜಿಸ್ಟ್ರಾರ್ ಆಫೀಸಿನವರು ಲಗ್ನಪತ್ರಿಕೆ ನೋಡಿ ಇಳಿಸಿಕೊಂಡಿದ್ದು. ಲಗ್ನಪತ್ರಿಕೆ ಅಚ್ಚು ಹಾಕಿಸಿದ್ದು ನಾನು. ನ್ಯಾಮತಿಯ ಪ್ರೆಸ್ಸಿನಲ್ಲಿ ಕೂತು ಕೆಂಪು ಇಂಕಿನಲ್ಲಿ ಪ್ರೂಫ್ ನೋಡಿದ್ದೂ ನಾನೇ.

ಚೈತ್ರದಲ್ಲಿ ಮದುವೆ ಎಂದು ಚೈತ್ರಶ್ರೀ ಮಾಡಿದೆ. ಮನೆಗೆ ಬಂದ ಸೊಸೆಗೆ ಹೆಸರಿಡುವುದು ನಮ್ಮಲ್ಲಿ ಇದ್ದದ್ದೇ, ನನ್ನ ಹೆಸರನ್ನೂ ನಮ್ಮತ್ತೆ ಬದಲಿಸಿದ್ದರು. ಅದಿರಲಿ. ಆದರೆ ಆ 'ದಿ||'... ಆಗ ಸೋಮಪಾಲ ಬದುಕಿದ್ದರು. ಗಟ್ಟಿಮುಟ್ಟಾಗಿ ಬಸ್ ಓಡಿಸುತ್ತಿದ್ದರು.

ಪರದೇಶದವಳು ಎಂದರೆ ಚನ್ನಗಿರಿಯ ನಮ್ಮಣ್ಣ ಮದುವೆಗೆ ಬರುವುದಿಲ್ಲ ಎಂಬ ಹೆದರಿಕೆ. ಮಂಗಳೂರು ಕಡೆಯ ಹುಡುಗಿ, ಪಾಪ, ತಂದೆತಾಯಿ ಇಲ್ಲ ಎಂದು ಎಲ್ಲರಿಗೂ ಹೇಳಿದೆ. ಹೇಳಿದ್ದು ಸಾಲದೆ ಅಚ್ಚೂ ಹಾಕಿಸಿದೆ.

ಹೋದ ವರ್ಷ ಅವರು ನಿಜವಾಗಿ ತೀರಿಕೊಂಡ ದಿನ ಮನೆ ತುಂಬ ನೆಂಟರು. ಎಂದೋ ಸತ್ತ ಅಪ್ಪನಿಗೆ ಇವತ್ತು ಹೇಗೆ ಅಳುವುದು? ಅಡುಗೆಮನೆ ಬಾಗಿಲು ಹಾಕಿಕೊಂಡು, ನಲ್ಲಿ ಬಿಟ್ಟುಕೊಂಡು ಅತ್ತಳು. ಹೊರಗೆ ನಾನು ಉಪ್ಪಿಟ್ಟು ಬಡಿಸುತ್ತಿದ್ದೆ. ಬರೆಯಲೂ ನಾಚಿಕೆ.

3 ಫೆಬ್ರವರಿ

ರಿಜಿಸ್ಟ್ರಾರ್ ಆಫೀಸು. ಕ್ಲರ್ಕ್ ಒಳ್ಳೆಯವನು. "ತಿದ್ದಾಕೆ ಬರ್ತೈತೆ ಮೇಡಂ. ಆದ್ರೆ ಅವತ್ತು ಸಾಕ್ಷಿ ಹಾಕಿದ ಮೂವರೂ ಬಂದು, ಬರೆಸಿದ್ದು ತಪ್ಪು ಅಂತ ಹೇಳಿಕೆ ಕೊಡಬೇಕು."

ಮೂವರು ಎಂದರೆ ನಾನು, ಮದುವೆ ಮಾಡಿಸಿದ ತಿಪ್ಪೇರುದ್ರಸ್ವಾಮಿಗಳು, ಅಣ್ಣ ಮೂಕಪ್ಪ.

ಪ್ರಸನ್ನ ಗಾಬರಿಯಾದ. "ಮಾವಂಗೆ ಹೇಳಬ್ಯಾಡಮ್ಮ. ಏಜೆಂಟ್ ಹಿಡಿಯೋಣ, ಏನಾರ ಮಾಡ್ತಾನೆ."

ಏಜೆಂಟನೂ ಬೇಡ, ಗೀಜೆಂಟನೂ ಬೇಡ. ನ್ಯಾಮತಿ ಶಾಲೆಯಲ್ಲಿ ಮೂವತ್ತು ವರ್ಷ ಮಕ್ಕಳ ತಪ್ಪು ತಿದ್ದಿದವಳು. ನನ್ನದನ್ನು ನಾನೇ ತಿದ್ದುತ್ತೇನೆ.

7 ಫೆಬ್ರವರಿ

ಜಗಳೂರು. ಸ್ವಾಮಿಗಳು ಈಗ ಅಲ್ಲಿ ಮಗಳ ಮನೆಯಲ್ಲಿದ್ದಾರೆ. ಎಲ್ಲ ಹೇಳಿದೆ, ಒಂದೂ ಮುಚ್ಚಿಡದೆ.

"ಧಾರೆ ಹೊತ್ನಾಗೆ ತಂದೆ ಹೆಸರು ಕೇಳಿದೆ ಟೀಚರಮ್ಮ. ನೀವು, ಇಲ್ಲ, ತೀರಿಕೊಂಡಾರೆ ಅಂದ್ರಿ. ಆ ಮಗು ಬಿಕ್ಕಿ ಬಿಕ್ಕಿ ಅತ್ತಳು. ತವರು ನೆನಪಾತೇನೋ ಅಂತ ನಾನು ಮಂತ್ರ ಮುಂದುವರಿಸಿದೆ." ಮತ್ತೆ, "ಬರ್ತೀನಿ ನಡೀರಿ. ಯಾವತ್ತು ಅಂತ ಹೇಳಿ."

ವಾಪಸ್ ಬಸ್ಸಿನಲ್ಲಿ ದಾವಣಗೆರೆ ಬರುವವರೆಗೂ ಅಳುತ್ತಲೇ ಇದ್ದೆ. ಪಕ್ಕದವಳು ಕಿಟಕಿ ಸೀಟು ಬಿಟ್ಟುಕೊಟ್ಟಳು.

12 ಫೆಬ್ರವರಿ

ಚನ್ನಗಿರಿ. ಅಣ್ಣನ ಅಡಿಕೆ ಮಂಡಿ. ಹೇಳಿದೆ. ಅಣ್ಣ ಎದ್ದು ನಿಂತ.

"ಆರು ವರ್ಷ ನನ್ನ ಸಹಿ ಸುಳ್ಳಿಗೆ ನಿಂತಿತ್ತಾ? ಹೋಗು. ನಾನು ಬರಾಕಿಲ್ಲ."

ಬಂದೆ.

3 ಮಾರ್ಚ್

ಹತ್ತೊಂಬತ್ತು ದಿನ ಏನೂ ಬರೆದಿಲ್ಲ. ಅಣ್ಣ ಫೋನೂ ಎತ್ತಲಿಲ್ಲ. ಚೈತ್ರಾ ನಿನ್ನೆ, "ಬಿಡ್ರಿ ಅತ್ತೆ, ಮುಂದಿನ ವರ್ಷ ಹೋದ್ರಾತು" ಎಂದಳು. ಅವಳು ಹಾಗೆಂದಿದ್ದೇ ನನಗೆ ಕಿಚ್ಚು ಹತ್ತಿಸಿತು.

ಇವತ್ತು ಮೊದಲ ಬಸ್ಸಿಗೆ ಚನ್ನಗಿರಿ. ಮಂಡಿಯ ಬೆಂಚಿನ ಮೇಲೆ ಕೂತೆ. ಅಣ್ಣ ನೋಡಿಯೂ ನೋಡದಂತೆ ವ್ಯಾಪಾರ ಮಾಡಿದ. ಹನ್ನೆರಡಾಯಿತು. ಎರಡಾಯಿತು.

"ಎದ್ದು ಊಟ ಮಾಡು."

"ಬರ್ತೀನಿ ಅನ್ನು. ಮಾಡ್ತೀನಿ."

"ಶುಗರ್ ಐತೆ ನಿಂಗೆ."

"ಬಿಪಿ. ಶುಗರ್ ನಿಂದು."

ಮೂರಾಯಿತು. ನಾನು ಊಟ ಬಿಟ್ಟರೆ ಅವನಿಗೂ ಅನ್ನ ಇಳಿಯುವುದಿಲ್ಲ, ಚಿಕ್ಕಂದಿನಿಂದ ಗೊತ್ತು. ಮೂರೂವರೆಗೆ ಪಕ್ಕ ಬಂದು ಕೂತ.

"ಪರದೇಶದೋಳು ಅಂದಿದ್ರೆ ಬರ್ತಿರಲಿಲ್ಲವೇನೋ. ಖರೆ ಹೇಳ್ತೀನಿ. ಆದ್ರೆ ಬದುಕಿರೋರನ್ನ ಸಾಯಿಸ್ತಾರೇನೇ? ಬೀಗರು ಹೆಂಗಿದ್ರು ನೋಡಾಕೆ?"

"ನಾನೂ ನೋಡಿಲ್ಲಣ್ಣ. ಫೋಟೋ ಸಹ."

ಇಬ್ಬರೂ ಊಟ ಮಾಡಿದೆವು. ಸಾರು ತಣ್ಣಗಾಗಿತ್ತು.

7 ಮಾರ್ಚ್

ಮೂರೂ ಹೇಳಿಕೆ ಆಯಿತು. ಕ್ಲರ್ಕ್ ಓದಿ ಹೇಳುವಾಗ ನೆಲ ನೋಡುತ್ತಾ ನಿಂತಿದ್ದೆ. ಆಮೇಲೆ ಸಹಿ ಮಾಡಿದೆ.

ಅಣ್ಣ ಮನೆಗೆ ಬಂದ. ಚೈತ್ರಾ ನೀರು ತಂದಳು. ಅಣ್ಣ ಲೋಟ ತೆಗೆದುಕೊಳ್ಳಲಿಲ್ಲ, ಎದ್ದು ನಿಂತ. "ಅಪ್ಪಾಜಿ ತೀರಿಕೊಂಡ ಸುದ್ದಿ ಕೇಳಿದೆ ಕಣವ್ವ. ಮಾತಾಡಿಸಾಕೆ ಬಂದೀನಿ. ತಡ ಆತು."

ಲೋಟ ಹಿಡಿದೇ ಅತ್ತಳು. ನಡುಮನೆಯಲ್ಲಿ, ಬಾಗಿಲು ತೆರೆದಿತ್ತು. ಅಳಲಿ ಎಂದು ಬಿಟ್ಟೆ.

24 ಮಾರ್ಚ್

ತಿದ್ದಿದ ಸರ್ಟಿಫಿಕೇಟ್ ಬಂದಿತ್ತು. ಗಂಡ ಹೆಂಡತಿ ಚೆನ್ನೈಗೆ ಹೋಗಿ ಅರ್ಜಿ ಕೊಟ್ಟು ಬಂದರು. ವೀಸಾದ ಓಡಾಟವನ್ನೆಲ್ಲ ಪ್ರಸನ್ನ ತಾನೇ ಹೊತ್ತಿದ್ದಾನೆ. ಈ ಸಲ 'ನೋಡೋಣ' ಎನ್ನಲಿಲ್ಲ.

9 ಮೇ

ಹೊಸ ಪಾಸ್‌ಪೋರ್ಟ್ ಬಂತು! ಕೊರಿಯರ್‌ನವನನ್ನು ಕೂರಿಸಿ ಕಾಫಿ ಕೊಟ್ಟೆ.

ಎದುರುಮನೆ ಉಚ್ಚಂಗೆಮ್ಮನಿಗೆ ಈಗ ಎಲ್ಲ ಗೊತ್ತು. "ಪುಟ್ಟಿನೂ ಕರ್ಕೊಂಡು ಹೋಗ್ತಾಳಂತೆ? ಹೋದೋಳು ಬಂದಾಳೇನು ಅನ್ನಪೂರ್ಣಕ್ಕ?"

"ಬರ್ತಾಳೆ. ಬರದಿದ್ರೂ ಕಳಿಸ್ತೀನಿ" ಎಂದೆ. ಬಾಯಿ ಜೋರಿತ್ತು. ಒಳಗೆ ಬಂದು ದೇವರ ಮುಂದೆ ಕೂತೆ. ಭಯ ಆಗುತ್ತದೆ. ಆರು ವರ್ಷ ಅಪ್ಪನ ಹೆಸರೆತ್ತಲು ಬಿಡದ ಮನೆಗೆ ನಾನಾದರೆ ವಾಪಸ್ ಬರುತ್ತಿದ್ದೆನೇ? ಗೊತ್ತಿಲ್ಲ.

ಪಾಸ್‌ಪೋರ್ಟಿನಲ್ಲಿ ಉದ್ದದ ಹೆಸರು. ಕೊನೆಗೆ ದಿಲ್ರುಕ್ಷಿ. ಕರೆದು ನೋಡಿದೆ. ಒಲೆ ಮುಂದಿದ್ದವಳು ತಿರುಗಲಿಲ್ಲ, ತನ್ನನ್ನಲ್ಲ ಎಂದುಕೊಂಡಿರಬೇಕು. ಇನ್ನೊಮ್ಮೆ ಕರೆದೆ.

17 ಮೇ, ಬೆಳಿಗ್ಗೆ 10.30

ಮೊನ್ನೆ ತಾಯಿ ಮಗಳು ಹೋದರು. ವಾಪಸ್ ಟಿಕೆಟ್ 28ಕ್ಕೆ. ಟಿಕೆಟ್ ಎಂದರೆ ಕಾಗದ, ಅಷ್ಟೇ. ಇರಲಿ.

ಹತ್ತೂಮುಕ್ಕಾಲಿಗೆ ವಿಡಿಯೋ ಕಾಲ್ ಮಾಡುತ್ತೇನೆ ಎಂದಿದ್ದಾಳೆ ದಿಲ್ರುಕ್ಷಿ. ಭಿಕ್ಷುಗಳು ಬಂದಿರುತ್ತಾರೆ. ಬೀಗರ ಫೋಟೋ ಇಟ್ಟಿರುತ್ತಾರೆ. ಅಣ್ಣ ಬೆಳಿಗ್ಗೆಯೇ ಚನ್ನಗಿರಿಯಿಂದ ಬಂದು, ಬಿಳಿ ಅಂಗಿ ಹಾಕಿ, ಚೊಂಬಿಗೆ ಫೋನ್ ಆನಿಸಿ ಕೂತಿದ್ದಾನೆ.

ಬೀಗತಿಗೆ ಹೇಳಲು ಅವರ ಭಾಷೆಯ ಒಂದು ಮಾತು ಕೇಳಿ ಕಲಿತೆ. ಕ್ಷಮಿಸಿ ಅನ್ನಲು. ಸಮಯಕ್ಕೆ ಬಾಯಿಗೆ ಬರಲಿ ಎಂದು ಇಲ್ಲಿ ಕಾಪಿ ಬರೆಯುತ್ತಿದ್ದೇನೆ, ಒಂದನೇ ಕ್ಲಾಸಿನವಳಂತೆ.

ಸಮಾವೆನ್ನ.

ಸಮಾವೆನ್ನ.

ಸಮಾ