ಸೋಮವಾರ ಹೂಡದ ಟೆಂಪೋ

ಸೌಂದರ್ಯಾಳ ಅಪ್ಪನಿಗೆ ಗೀತಾಂಜಲಿಯ ನಮಸ್ಕಾರಗಳು.

ಒಂದೇ ಸೂರಿನ ಕೆಳಗಿದ್ದು ಗಂಡನಿಗೆ ಪತ್ರ ಬರೆಯುವ ಹೆಂಡತಿಯನ್ನು ಈ ಗೋಕುಲ ರಸ್ತೆಯಲ್ಲಿ ಯಾರೂ ನೋಡಿರಲಿಕ್ಕಿಲ್ಲ. ಏನು ಮಾಡಲಿ? ಎದುರಿಗೆ ನಿಂತು ಮಾತು ಶುರು ಮಾಡಿದರೆ ನಿಮ್ಮ ಫೋನು ನನಗಿಂತ ಮೊದಲು ಬಾಯಿ ತೆರೆಯುತ್ತದೆ. ಇದನ್ನು ಊಟದ ತಾಟಿನ ಪಕ್ಕದಲ್ಲಿ ಇಡುತ್ತೇನೆ. ರೊಟ್ಟಿ ಮುಗಿಯುವುದರೊಳಗೆ ಓದಿಬಿಡಿ.

ಪ್ರತಿ ಸೋಮವಾರ ಬೆಳಗಾವಿಗೆ ಮಾಲು ಒಯ್ಯಬೇಕೆಂದು ಫ್ಯಾಕ್ಟರಿಯ ಮಹಾದೇವಪ್ಪನವರು ಮಧ್ಯಾಹ್ನ ಫೋನ್ ಮಾಡಿದ್ದು ನನಗೂ ಕೇಳಿಸಿತು. ರಾತ್ರಿ ಊಟ ಮಾಡಿ ಹೇಳುತ್ತೇನೆ ಎಂದಿರಿ. ನಾಳೆಯೇ ಸೋಮವಾರ. ನಿಧಾನವಾಗಿ ಬದುಕೋಣ ಎಂಬ ಮಾತನ್ನೂ ನಾನು ಅವಸರದಲ್ಲೇ ಬರೆಯಬೇಕಾಗಿದೆ ನೋಡಿ.

ಶ್ರಾವಣದ ಮೊದಲ ಸೋಮವಾರ ನೆನಪಿದೆಯಲ್ಲ? ನೀವು ಸ್ನಾನ ಮುಗಿಸಿ ಬರುವಷ್ಟರಲ್ಲಿ ಅತ್ತೆ ಟೆಂಪೋ ತೊಳೆದು, ವಿಭೂತಿ ಹಚ್ಚಿ, ಚೆಂಡುಹೂವಿನ ಮಾಲೆ ಹಾಕಿ, ಅದರ ಮುಂದೆಯೇ ಕುರ್ಚಿ ಹಾಕಿಕೊಂಡು ಕೂತಿದ್ದರು. ಅಣ್ಣಿಗೇರಿ ಕಡೆಯ ನಿಮ್ಮ ಹೊಲದಲ್ಲಿ ಎತ್ತುಗಳಿದ್ದ ಕಾಲಕ್ಕೆ ಸೋಮವಾರ ನೊಗ ಮುಟ್ಟುತ್ತಿರಲಿಲ್ಲವಂತೆ. ಅದು ಬಸವಣ್ಣನ ವಾರ. ಟೆಂಪೋದ ಗಾಜಿನ ಮೇಲೆ ದೊಡ್ಡ ಅಕ್ಷರದಲ್ಲಿ ‘ಬಸವ’ ಎಂದು ಬರೆಸಿದವರು ನೀವೇ. ಅತ್ತೆ ಅದನ್ನೇ ಹಿಡಿದುಕೊಂಡರು. “ಹೆಸರ ಬಸವಣ್ಣಂದ ಇಟ್ಟೀದಿ. ಸೋಮವಾರ ಬಸವಣ್ಣನ್ನ ಯಾರರ ಹೂಡತಾರೇನಪಾ?” ಇದು ಯಂತ್ರ, ಡೀಸೆಲ್ ಹಾಕಿದರೆ ಸಾಕು, ಇದಕ್ಕೇನು ದಣಿವು ಎಂದು ನೀವು ರೇಗಿದಿರಿ. ಅವರು ಕೂತಲ್ಲಿಂದ ಕದಲಲಿಲ್ಲ.

“ಇದಕ್ಕ ದಣಿವಿಲ್ಲ ಖರೇ,” ಎಂದರು. “ನಿನಗ ಐತೆಲ್ಲ.”

ಆ ದಿನ ನಿಮ್ಮ ಮುಖ ನೋಡಬೇಕಿತ್ತು! ಅಂಗಳಕ್ಕೆ ಹೋಗುವುದು, ಟೈರು ಒದ್ದು ನೋಡುವುದು, ಒಳಗೆ ಬರುವುದು, ಚಹಾ ಕೇಳುವುದು. ಸಂಜೆಯ ಹೊತ್ತಿಗೆ ಚಹಾಪುಡಿ ಖಾಲಿಯಾಗಿತ್ತು. ಮುಂದಿನ ಸೋಮವಾರ ಬೇರೆ ದಾರಿ ಕಾಣದೆ ಮಗಳನ್ನು ಶಾಲೆಗೆ ಬಿಟ್ಟುಬರುತ್ತೇನೆ ಎಂದು ಸ್ಕೂಟರ್ ತೆಗೆದಿರಿ.

ಮಧ್ಯಾಹ್ನ ಊಟಕ್ಕೆ ಕೂತವರು ತುತ್ತು ಎತ್ತಲಿಲ್ಲ. ರೊಟ್ಟಿ ಚೂರು ಮಾಡುತ್ತ ಹೇಳಿದಿರಿ: ಅವಳ ಹಳೆಯ ಶಾಲೆಯ ಗೇಟಿನ ಮುಂದೆ ಸ್ಕೂಟರ್ ನಿಲ್ಲಿಸಿದ್ದಿರಿ. ಅವಳು ಜೂನ್‌ನಿಂದ ಹೈಸ್ಕೂಲಿಗೆ ಹೋಗುತ್ತಿದ್ದಾಳೆ. ಅವಳು ನಗಲಿಲ್ಲವಂತೆ, ಸಿಟ್ಟೂ ಮಾಡಲಿಲ್ಲವಂತೆ. “ಅಪ್ಪಾ, ನಾ ಈಗ ಈ ಸಾಲ್ಯಾಗ ಇಲ್ಲ,” ಎಂದಳಂತೆ, ಯಾರೋ ದಾರಿ ಕೇಳಿದವರಿಗೆ ಹೇಳುವ ಹಾಗೆ. ಮೊದಲು ನನಗೆ ನಗು ಬಂತು. ನಿಮ್ಮ ಕಣ್ಣು ನೋಡಿದ ಮೇಲೆ ನಿಂತಿತು. ಆ ಸಂಜೆ ಶಾಲೆ ಬಿಡುವುದಕ್ಕೆ ಬಹಳ ಮೊದಲೇ ಹೋಗಿ ಹೊಸ ಗೇಟಿನ ಮುಂದೆ ನಿಂತಿರಿ. ನಿಮ್ಮನ್ನು ಮದುವೆಯಾದದ್ದಕ್ಕೆ ಹೆಮ್ಮೆಯೆನಿಸಿದ ದಿನಗಳಲ್ಲಿ ಅದೂ ಒಂದು.

ಶ್ರಾವಣ ಮುಗಿಯಿತು. ಟೆಂಪೋ ಮಾತ್ರ ಸೋಮವಾರ ಅಂಗಳದಲ್ಲೇ ಉಳಿಯಿತು. ಬೆಳಿಗ್ಗೆ ನಾಲ್ವರೂ ದೇವರ ಜಗಲಿಯ ಮುಂದೆ ಕೂರುತ್ತೇವೆ. ನಿಮಗೆ ಮಂಗಳಾರತಿಯ ಪದ ಅರ್ಧಕ್ಕೇ ಮರೆತುಹೋಗುತ್ತದೆ, ಸೌಂದರ್ಯಾ ಎತ್ತಿಕೊಡುತ್ತಾಳೆ. ನನಗೆ ಅತ್ತೆಯಷ್ಟು ಭಕ್ತಿ ಇಲ್ಲ, ಸುಳ್ಳೇಕೆ ಹೇಳಲಿ? ದೇವರು ಎಂದರೆ ಬೇಡಿಕೊಳ್ಳುವುದಕ್ಕೆ ಇರುವವನು ಎಂದುಕೊಂಡಿದ್ದೆ. ಕೈ ಮುಗಿದು ಕಣ್ಣು ತೆರೆದಾಗ ಪಕ್ಕದಲ್ಲಿ ನೀವಿದ್ದೀರಿ, ಅವಳಿದ್ದಾಳೆ, ಯಾರೂ ಎಲ್ಲಿಗೂ ಓಡುತ್ತಿಲ್ಲ. ಬೇಡಿಕೊಳ್ಳಲು ಏನೂ ಉಳಿದಿರುವುದಿಲ್ಲ.

ಬೆಳಗಾವಿಯ ಬಾಡಿಗೆ ಬಿಟ್ಟರೆ ಏನೂ ಆಗುವುದಿಲ್ಲ ಎಂದು ನಾನು ಹೇಳುವುದಿಲ್ಲ. ಕಷ್ಟವಾಗುತ್ತದೆ. ನಿಮ್ಮ ತಲೆಯ ಮೇಲೆ ಮನೆಯ ಭಾರವಿದೆ ಎಂದು ನನಗೆ ಗೊತ್ತು. ಸಂಜೆ ಅತ್ತೆಯ ಹತ್ತಿರ ಈ ಚಿಂತೆ ಹೇಳಿಕೊಂಡೆ. “ಆರು ದಿವಸ ಕೊಟ್ಟಾಂವಾ ಏಳನೇ ದಿವಸ ಕೈ ಬಿಡ್ತಾನೇನವಾ?” ಎಂದು ಕೇಳಿ ಬತ್ತಿ ಹೊಸೆಯುತ್ತ ಕೂತರು. ಅವರ ನಂಬಿಕೆಯನ್ನು ಸದ್ಯಕ್ಕೆ ನಾನೂ ಸ್ವಲ್ಪ ಕಡ ತಂದಿದ್ದೇನೆ. ನೀವೂ ತಂದುಕೊಳ್ಳಿ.

ಇನ್ನೊಂದು ಮಾತು. ನಾಳೆ ಸಂಜೆ ಅಪ್ಪನ ಜೊತೆ ಎಲ್ಲಿಗೆ ಹೋಗೋಣ ಎಂದು ಸೌಂದರ್ಯಾ ನನ್ನನ್ನು ಕೇಳಿದಳು. ನಿಮಗೆ ಹೇಳಬೇಕಾದದ್ದನ್ನೆಲ್ಲ ಅವಳು ಇಷ್ಟು ವರ್ಷ ನನ್ನ ಕೈಯಲ್ಲೇ ಹೇಳಿಸುತ್ತ ಬಂದವಳು. ಈ ಸಲ ನಾನು ನಡುವೆ ಬರುವುದಿಲ್ಲ, ನೀನೇ ಕೇಳು ಎಂದೆ. ಉಗುರು ಕಚ್ಚುತ್ತ ಯೋಚಿಸಿ, ಅಪ್ಪನ ಊಟವಾದ ಮೇಲೆ ಕೇಳುತ್ತೇನೆ ಎಂದಳು.

ನೀವು ಇದನ್ನು ಓದುವಾಗ ಅವಳು ಅಡುಗೆಮನೆಯ ಬಾಗಿಲ ಹಿಂದೆ ನಿಂತಿರುತ್ತಾಳೆ. ಮಹಾದೇವಪ್ಪನವರಿಗೆ ಫೋನ್ ಮಾಡುವ ಮೊದಲು ಒಮ್ಮೆ ತಲೆ ಎತ್ತಿ ನೋಡಿ.

ಬಸವಣ್ಣ ನಿಮ್ಮನ್ನು ತಣ್ಣಗಿಟ್ಟಿರಲಿ.

ನಿಮ್ಮ ಎದುರಿಗೇ ಕೂತು ರೊಟ್ಟಿ ಬಡಿಸುತ್ತಿರುವ,
ಗೀತಾಂಜಲಿ